ಕಡಲಡಿಯ ಮೆಟ್ಟಿಲುಗಳು: ಕಡೆದವರು ಯಾರು?

ಜಪಾನಿನ ಭೂಪಟದಲ್ಲಿ ಪಶ್ಚಿಮದ ಕಟ್ಟಕಡೆಯ ಚುಕ್ಕಿಯೆಂದರೆ ಯೊನಾಗುನಿ ದ್ವೀಪ. ಒಕಿನಾವಾ ಆಡಳಿತಕ್ಕೆ ಸೇರಿದ ಈ ಪುಟ್ಟ ನೆಲದಿಂದ ತೈವಾನ್ ಸುಮಾರು 110 ಕಿಲೋಮೀಟರ್ ದೂರ. ಚಳಿಗಾಲದಲ್ಲಿ ಇದರ ಸುತ್ತಲಿನ ಕಡಲಿನಲ್ಲಿ ಹ್ಯಾಮರ್‌ಹೆಡ್ ಶಾರ್ಕ್‌ಗಳು ಹಿಂಡುಗೂಡುತ್ತವೆ. 1980ರ ದಶಕದ ನಡುಭಾಗದಲ್ಲಿ ಕಿಹಾಚಿರೊ ಅರಾತಾಕೆ ಎಂಬ ಸ್ಥಳೀಯ ಮುಳುಗುಗಾರರು ಆ ಮೀನುಗಳನ್ನು ನೋಡಲು ತಕ್ಕ ತಾಣವೊಂದನ್ನು ಅರಸುತ್ತ ದ್ವೀಪದ ದಕ್ಷಿಣ ತೀರದಲ್ಲಿ ನೀರಿಗಿಳಿದರು. ಅಲ್ಲಿ ಅವರ ಕಣ್ಣಿಗೆ ಬಿದ್ದದ್ದು ಒಂದು ಬೃಹತ್ ಬಂಡೆ. ಸಮತಟ್ಟಾದ ಜಗಲಿಗಳು, ಉಳಿಯಿಂದ ಕಡೆದಂತಹ ನೇರ ಅಂಚುಗಳು, ಒಂದರ ಮೇಲೊಂದು ಏರುವ ಮೆಟ್ಟಿಲುಗಳು, ಲಂಬವಾಗಿ ನಿಂತ ಗೋಡೆಗಳು, ಗೋಡೆಗಳ ನಡುವೆ ಓಣಿಯಂತಹ ಸಂದುಗಳು. ಬಂಡೆಯ ಬುಡ ಸುಮಾರು 25 ಮೀಟರ್ ಆಳದಲ್ಲಿದ್ದರೆ ಅದರ ನೆತ್ತಿ ನೀರಿನ ಮೇಲ್ಮೈಯಿಂದ ಬರಿಯ 5 ಮೀಟರ್ ಕೆಳಗೆ. ನೋಡಿದವರಿಗೆ ಮೊದಲು ತೋರುವುದು ಒಂದೇ ಮಾತು: ಇದು ಮುಳುಗಿಹೋದ ದೇಗುಲ, ಇಲ್ಲವೆ ಕೋಟೆ.

ಆ ಮೊದಲ ನೋಟದಿಂದ ಹುಟ್ಟಿದ ಪ್ರಶ್ನೆ ಇಂದಿಗೂ ಸಂಜೆಯ ಹರಟೆಗಳಲ್ಲಿ, ಸಾಕ್ಷ್ಯಚಿತ್ರಗಳಲ್ಲಿ, ಮೊಬೈಲಿನಲ್ಲಿ ಹರಿದುಬರುವ ವಿಡಿಯೋಗಳಲ್ಲಿ ಜೀವಂತವಾಗಿದೆ. ಇದನ್ನು ಕಡೆದದ್ದು ಪ್ರಕೃತಿಯೋ, ಮನುಷ್ಯನೋ? ಈ ಪ್ರಶ್ನೆಗೆ ಉತ್ತರ ಹುಡುಕುವ ಬಗೆ ಯಾವುದು, ಉತ್ತರದಿಂದ ನಮಗೆ ಆಗಬೇಕಾದುದೇನು ಎಂಬುದನ್ನು ಇಲ್ಲಿ ತುಸು ನಿಧಾನವಾಗಿ ನೋಡೋಣ.

ಯೊನಾಗುನಿಯ ಬಂಡೆ ಮನುಷ್ಯನ ಕೈಕೆಲಸವೆಂದು ದೀರ್ಘಕಾಲ ವಾದಿಸಿದವರು ರ್‍ಯೂಕ್ಯೂ ವಿಶ್ವವಿದ್ಯಾಲಯದ ಸಾಗರ ಭೂವಿಜ್ಞಾನಿ ಮಸಾಕಿ ಕಿಮುರಾ. ಅವರು ಹವ್ಯಾಸಿಗಳಲ್ಲ, ವರ್ಷಗಟ್ಟಲೆ ಅಲ್ಲಿ ಮುಳುಗಿ ಅಳತೆ ತೆಗೆದವರು. ಕಲ್ಲನ್ನು ಸೀಳಲು ಬೆಣೆ ಬಡಿದ ಗುರುತುಗಳು, ಪ್ರಾಣಿಗಳ ಆಕೃತಿಗಳು, ರಸ್ತೆ, ಕೋಟೆಯ ವಿನ್ಯಾಸ ಇವೆಲ್ಲ ಅವರಿಗೆ ಅಲ್ಲಿ ಕಂಡವು. ಮೊದಲು ಅವರು ಇದಕ್ಕೆ ಸುಮಾರು 10,000 ವರ್ಷಗಳ ಪ್ರಾಯವನ್ನು ಹೇಳಿದ್ದರು. ಮುಂದೆ ಅದನ್ನು ಎರಡು ಮೂರು ಸಾವಿರ ವರ್ಷಗಳಿಗೆ ಇಳಿಸಿ, ಭೂಕಂಪದಂತಹ ಚಲನೆಯಿಂದ ನೆಲ ಕುಸಿದು ಕಡಲಿಗೆ ಸೇರಿತೆಂದು ಅಭಿಪ್ರಾಯಪಟ್ಟರು. ಒಂದು ಕಟ್ಟಡದ ಪ್ರಾಯ ಹೀಗೆ ಸಾವಿರಾರು ವರ್ಷ ಹಿಂದೆ ಮುಂದೆ ಸರಿಯಬಲ್ಲುದಾದರೆ, ಆ ಪ್ರಾಯವನ್ನು ಬಿಗಿಯಾಗಿ ಹಿಡಿದು ನಿಲ್ಲಿಸುವ ವಸ್ತು ಅಲ್ಲಿ ಇಲ್ಲವೆಂದೇ ನಾವು ತಿಳಿಯಬೇಕು. ಮಡಕೆಯ ಚೂರು, ಒಲೆಯ ಇದ್ದಿಲು, ಮೂಳೆ, ಮುರಿದ ಕೊಡಲಿ ಮುಂತಾದವು ಪದರಪದರವಾಗಿ ಬಂಡೆಗೆ ಹೊಂದಿಕೊಂಡು ದೊರೆತಿದ್ದರೆ ಕಾಲನಿರ್ಣಯ ಇಷ್ಟು ಜಾರುತ್ತಿರಲಿಲ್ಲ. ಎಲ್ಲ ವಿದ್ವಾಂಸರೂ ಒಪ್ಪುವಂತಹ ಅಂತಹ ಪದರವೊಂದು ಅಲ್ಲಿ ಈವರೆಗೆ ದೊರೆತಿಲ್ಲ.

1997ರಲ್ಲಿ ಬೋಸ್ಟನ್ ವಿಶ್ವವಿದ್ಯಾಲಯದ ಭೂವಿಜ್ಞಾನಿ ರಾಬರ್ಟ್ ಶಾಕ್ ಅಲ್ಲಿಗೆ ಹೋಗಿ ನೀರಿಗಿಳಿದರು. ಈಜಿಪ್ಟಿನ ಸ್ಫಿಂಕ್ಸ್ ವಿಗ್ರಹ ಇತಿಹಾಸಕಾರರು ಹೇಳುವುದಕ್ಕಿಂತ ಬಹಳ ಹಳೆಯದೆಂದು ವಾದಿಸಿ ಹೆಸರಾದವರು ಅವರು. ಮರೆತುಹೋದ ಪ್ರಾಚೀನ ನಾಗರಿಕತೆಗಳ ವಿಷಯದಲ್ಲಿ ಅವರಿಗೆ ಒಲವಿತ್ತೇ ಹೊರತು ಅಸಡ್ಡೆ ಇರಲಿಲ್ಲ. ಯೊನಾಗುನಿಯನ್ನು ಅವರು ಎತ್ತಿಹಿಡಿಯುವರೆಂದು ಅನೇಕರು ನಿರೀಕ್ಷಿಸಿದ್ದರು. ಆದರೆ ಅವರು ಕಂಡುಕೊಂಡದ್ದು ಬೇರೆ. ಮೆಟ್ಟಿಲುಗಳೆಂದು ಕಾಣುವವು ಬೇರೆ ಕಡೆಯಿಂದ ತಂದು ಜೋಡಿಸಿದ ಕಲ್ಲುಗಳಲ್ಲ. ಇಡೀ ರಚನೆ ತಳದ ಬಂಡೆಗೆ ಬೆಸೆದುಕೊಂಡ ಒಂದೇ ಶಿಲಾರಾಶಿ. ಮೆಟ್ಟಿಲುಗಳ ಎತ್ತರ ಒಂದರಂತೆ ಒಂದಿಲ್ಲ. ಕೆಲವು ಮನುಷ್ಯ ಕಾಲೆತ್ತಿ ಇಡಲಾರದಷ್ಟು ಎತ್ತರ. ಎಲ್ಲೋ ಕೆಲವೆಡೆ ಮನುಷ್ಯನ ಕೈ ಸೋಕಿರಬಹುದಾದ ಸಾಧ್ಯತೆಯನ್ನು ಅವರು ಪೂರ್ತಿಯಾಗಿ ತಳ್ಳಿಹಾಕಲಿಲ್ಲ. ಆದರೆ ಮುಖ್ಯ ರಚನೆ ಪ್ರಕೃತಿಯದೇ ಎಂದು ಸ್ಪಷ್ಟವಾಗಿ ಹೇಳಿದರು.

ಪ್ರಕೃತಿ ಇಷ್ಟು ಅಚ್ಚುಕಟ್ಟಾಗಿ ಮೆಟ್ಟಿಲು ಕಡೆಯಬಲ್ಲುದೆ? ಅದನ್ನು ತಿಳಿಯಲು ಆ ಕಲ್ಲಿನ ಜಾತಿಯನ್ನು ನೋಡಬೇಕು. ಅದು ಸುಮಾರು 2 ಕೋಟಿ ವರ್ಷಗಳ ಹಿಂದೆ ನೀರಿನಡಿಯಲ್ಲಿ ಪದರಗಟ್ಟಿದ ಮರಳುಗಲ್ಲು. ನಡುನಡುವೆ ಮೆದುವಾದ ಕೆಸರುಗಲ್ಲಿನ ತೆಳುಪದರಗಳಿವೆ. ಪದರಗಳು ಅಡ್ಡಲಾಗಿ ಮಲಗಿವೆ. ಭೂಮಿಯ ಒಳಒತ್ತಡದಿಂದ ಉಂಟಾದ ಉದ್ದನೆಯ ಸೀಳುಗಳು, ಒಂದಕ್ಕೊಂದು ಸಮಾನಾಂತರವಾಗಿ, ಆ ಪದರಗಳನ್ನು ಲಂಬವಾಗಿ ಕತ್ತರಿಸಿವೆ. ಅಡ್ಡ ಪದರವೂ ಲಂಬ ಸೀಳೂ ಕೂಡುವಲ್ಲಿ ಕಲ್ಲು ಇಟ್ಟಿಗೆಯಂತೆ ತುಂಡಾಗಲು ಸಿದ್ಧವಾಗಿ ನಿಂತಿರುತ್ತದೆ. ಅಲ್ಲಿನ ಪ್ರವಾಹ ಬಹು ಪ್ರಬಲ. ಭೂಕಂಪಗಳೂ ಆ ಪ್ರದೇಶಕ್ಕೆ ಹೊಸತಲ್ಲ. ಸಡಿಲಗೊಂಡ ತುಂಡುಗಳನ್ನು ಅವು ಕಿತ್ತೊಯ್ದರೆ ಹಿಂದೆ ಉಳಿಯುವುದು ಮೆಟ್ಟಿಲೇ. ಇದಕ್ಕೆ ಸಾಕ್ಷಿ ಅದೇ ದ್ವೀಪದ ದಡದಲ್ಲಿದೆ. ಸನ್ನಿನುದೈ ಎಂಬಲ್ಲಿ ಇದೇ ಜಾತಿಯ ಬಂಡೆ ಗಾಳಿ ಬಿಸಿಲುಗಳಲ್ಲಿ, ಎಲ್ಲರ ಕಣ್ಣೆದುರು, ಇದೇ ಬಗೆಯ ಜಗಲಿ ಮೆಟ್ಟಿಲುಗಳಾಗಿ ಒಡೆದು ನಿಂತಿದೆ.

ನೇರವಾದ ಗೆರೆಯನ್ನು ಕಂಡೊಡನೆ ಮನುಷ್ಯನನ್ನು ನೆನೆಯುವುದು ನಮ್ಮ ಮನಸ್ಸಿನ ಅಭ್ಯಾಸ. ಕಲ್ಲಿಗೆ ಆ ಕಟ್ಟುಪಾಡಿಲ್ಲ. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಗಳಿಗೆ ಹೋಗಿಬಂದವರಿಗೆ ಇದು ಗೊತ್ತು. ಅಲ್ಲಿ ಬಹುಭುಜಗಳ ಕಲ್ಲಿನ ಕಂಬಗಳು ಕಂತೆಕಂತೆಯಾಗಿ ನಿಂತಿವೆ. ಯಾರೋ ಅಳೆದು ಕಡೆದು ಒಟ್ಟಿದಂತೆ. ಅವು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ಭೂಭಾಗದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಹೊರಚೆಲ್ಲಿದ ಲಾವಾ ತಣಿಯುತ್ತ ಕುಗ್ಗಿ ಬಿರಿದಾಗ ಮೂಡಿದವು. ಮುಂಬಯಿಯ ಓದುಗರು ಅಷ್ಟು ದೂರವೂ ಹೋಗಬೇಕಾಗಿಲ್ಲ. ಅಂಧೇರಿಯ ಕಟ್ಟಡಗಳ ನಡುವೆ ತಲೆಯೆತ್ತಿ ನಿಂತಿರುವ ಗಿಲ್ಬರ್ಟ್ ಹಿಲ್ ಇಂತಹುದೇ ಕಂಬಶಿಲೆಗಳ ಗುಡ್ಡ, ಸುಮಾರು 6.6 ಕೋಟಿ ವರ್ಷಗಳಷ್ಟು ಹಳೆಯದು. ಮನುಷ್ಯಕುಲವೇ ಹುಟ್ಟಿರದ ಕಾಲದ ಈ ಕಂಬಗಳನ್ನು ಕಡೆದ ಶಿಲ್ಪಿ ಯಾರೂ ಇಲ್ಲ.

ಹಾಗಾದರೆ ಕಡಲಡಿಯ ಕಲ್ಲನ್ನು ಪರೀಕ್ಷಿಸುವುದು ಹೇಗೆ? ಎರಡು ಉದಾಹರಣೆಗಳು ದಾರಿಯನ್ನು ತೋರಿಸುತ್ತವೆ. 1968ರ ಸೆಪ್ಟೆಂಬರಿನಲ್ಲಿ ಬಹಾಮಾಸ್‌ನ ಬಿಮಿನಿ ದ್ವೀಪದ ಬಳಿ, ಐದಾರು ಮೀಟರ್ ಆಳದಲ್ಲಿ, ಚಪ್ಪಡಿಗಳನ್ನು ಹಾಸಿದ ಹೆದ್ದಾರಿಯಂತಹ ಸಾಲು ಕಂಡಿತು. ಅದರ ಉದ್ದ ಮುಕ್ಕಾಲು ಕಿಲೋಮೀಟರಿಗೂ ಹೆಚ್ಚು. ಅಟ್ಲಾಂಟಿಸ್ ಅಲ್ಲಿ ಮೇಲೇಳುವುದೆಂದು ಅಮೆರಿಕದ ಎಡ್ಗರ್ ಕೇಸಿ ಎಂಬವರು ಮೊದಲೇ ಭವಿಷ್ಯ ನುಡಿದಿದ್ದರಿಂದ ಜನರ ಉತ್ಸಾಹಕ್ಕೆ ಮೇರೆಯಿರಲಿಲ್ಲ. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ಯೂಜೀನ್ ಶಿನ್ ಆ ಚಪ್ಪಡಿಗಳನ್ನು ಕೊರೆದು ಒಳಗಿನ ಪದರಗಳನ್ನು ನೋಡಿದರು. ಒಂದು ಚಪ್ಪಡಿಯ ಒಳಪದರ ಪಕ್ಕದ ಚಪ್ಪಡಿಯಲ್ಲಿ ಹಾಗೆಯೇ ಮುಂದುವರಿದಿತ್ತು. ಎಲ್ಲವೂ ಕಡಲಿನ ಕಡೆಗೆ ಒಂದೇ ಬಾಗು. ಬೇರೆ ಬೇರೆ ಕಲ್ಲುಗಳನ್ನು ಹೊತ್ತು ತಂದು ಹಾಸಿದ್ದರೆ ಒಳಗಿನ ಪದರಗಳು ಹೀಗೆ ಕೈಹಿಡಿದು ಸಾಗುವುದು ಅಸಾಧ್ಯ. ಅದು ದಡದ ಮರಳು ಸುಣ್ಣದ ಅಂಟಿನಿಂದ ಗಟ್ಟಿಯಾದ ಕರಾವಳಿ ಶಿಲೆ. ಒಣಗಿ ಬಿರಿದು ಚಪ್ಪಡಿಗಳಾಗಿತ್ತು. ಅದರ ಪ್ರಾಯವೂ ಕೆಲವೇ ಸಾವಿರ ವರ್ಷ.

ಇನ್ನೊಂದು ಗ್ರೀಸಿನ ಜಾಕಿಂಥೋಸ್ ದ್ವೀಪದ್ದು. ಅಲ್ಲಿನ ಅಲಿಕಾನಾಸ್ ಕೊಲ್ಲಿಯಲ್ಲಿ ಈಜುತ್ತಿದ್ದವರಿಗೆ ಕಂಬಗಳ ಪೀಠಗಳೂ ಕಲ್ಲುಹಾಸಿನ ಅಂಗಳವೂ ಕಂಡು, ಮುಳುಗಿದ ನಗರವೊಂದು ದೊರೆತಿತೆಂಬ ಸುದ್ದಿ ಹಬ್ಬಿತು. ವಿಚಿತ್ರವೆಂದರೆ ಅಷ್ಟು ದೊಡ್ಡ ‘ನಗರ’ದಲ್ಲಿ ಒಂದೇ ಒಂದು ಮಡಕೆಯ ಚೂರೂ ಇರಲಿಲ್ಲ. ಅಥೆನ್ಸ್ ಮತ್ತು ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯಗಳ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನ ಆ ಒಗಟನ್ನು ಬಿಡಿಸಿತು. ಕಡಲತಳದ ಬಿರುಕುಗಳಿಂದ ಒಸರುತ್ತಿದ್ದ ಮೀಥೇನ್ ಅನಿಲವನ್ನು ಉಂಡು ಬದುಕಿದ ಸೂಕ್ಷ್ಮಜೀವಿಗಳ ಚಟುವಟಿಕೆಯಿಂದ ಆ ಒಸರುಗಳ ಸುತ್ತ ಖನಿಜ ಗಟ್ಟಿಯಾಗಿ ದುಂಡನೆಯ ಪೀಠಗಳು ಮೂಡಿದ್ದವು. ಅವುಗಳ ಪ್ರಾಯ 50 ಲಕ್ಷ ವರ್ಷಗಳವರೆಗೆ ಇರಬಹುದು. ನಗರವೆಂದು ಕಂಡದ್ದು ಕಣ್ಣಿಗೆ ಕಾಣದ ಜೀವಿಗಳ ಕೆಲಸವಾಗಿತ್ತು.

ಇಷ್ಟನ್ನು ಕೇಳಿದ ಓದುಗರು, ಕಡಲಡಿಯ ಕಲ್ಲೆಲ್ಲ ಪ್ರಕೃತಿಯದೇ, ಪುರಾತನ ಮನುಷ್ಯರ ಕತೆಯೆಲ್ಲ ಕಲ್ಪನೆಯೇ ಎಂದುಕೊಂಡರೆ ಅದೂ ಆತುರವೇ. ಸುಮಾರು 20,000 ವರ್ಷಗಳ ಹಿಂದೆ ಹಿಮಯುಗ ತುತ್ತತುದಿಯಲ್ಲಿದ್ದಾಗ ಕಡಲಿನ ಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಹಿಮ ಕರಗಿ ನೀರು ಏರಿದಂತೆ ಜಗತ್ತಿನ ಕರಾವಳಿಗಳ ಅಗಲವಾದ ಬಯಲುಗಳು ಮುಳುಗಿದವು. ಆ ಬಯಲುಗಳಲ್ಲಿ ಮನುಷ್ಯರು ಬಾಳಿದ್ದರು. ಅವರ ಗುರುತುಗಳು ನೀರಿನಡಿ ಇರಲೇಬೇಕು. ಕೆಲವು ದೊರೆತೂ ಇವೆ. ಆದರೆ ಅವು ನಾವು ಕಾಯುತ್ತಿರುವ ವೇಷದಲ್ಲಿ ಬರುವುದಿಲ್ಲ.

ಇಸ್ರೇಲಿನ ಕಾರ್ಮೆಲ್ ತೀರದ ತೆಲ್ ಹ್ರೈಜ್ ಎಂಬಲ್ಲಿ, ಆಳವಿಲ್ಲದ ನೀರಿನಡಿ, ದುಂಡುಕಲ್ಲುಗಳ ಸಾಲೊಂದು 100 ಮೀಟರಿಗೂ ಉದ್ದವಾಗಿ ಬಿದ್ದಿದೆ. ಅದರಲ್ಲಿ ನೇರ ಅಂಚಿಲ್ಲ, ಲಂಬಕೋನವಿಲ್ಲ, ಉಳಿಯ ಗುರುತೂ ಇಲ್ಲ. ನಮ್ಮ ನಿಮ್ಮಂತಹವರು ಅದರ ಮೇಲೆ ಈಜಿಹೋದರೂ ತಿರುಗಿ ನೋಡಲಾರೆವು. ಅದೇ ಮನುಷ್ಯನ ಕೈಕೆಲಸ. ಎಹುದ್ ಗಲೀಲಿ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಸುಮಾರು 7,000 ವರ್ಷಗಳ ಹಿಂದೆ ಅಲ್ಲಿದ್ದ ಹಳ್ಳಿಯವರು ಏರಿಬರುತ್ತಿದ್ದ ಕಡಲನ್ನು ತಡೆಯಲು ಕಟ್ಟಿದ ಒಡ್ಡು ಅದು. ಈವರೆಗೆ ತಿಳಿದಿರುವ ಕಡಲೊಡ್ಡುಗಳಲ್ಲಿ ಅತ್ಯಂತ ಹಳೆಯದು. ಅದು ಕಟ್ಟಿದ್ದೆಂದು ತಿಳಿದದ್ದು ಹೇಗೆ? ಅಂತಹ ಬಂಡೆಗಳು ಆ ತೀರದಲ್ಲಿ ತಾವಾಗಿ ಬಿದ್ದಿರುವುದಿಲ್ಲ. ಒಂದೆರಡು ಕಿಲೋಮೀಟರ್ ದೂರದ ಹೊಳೆಬಾಯಿಗಳಿಂದ ತಂದವು. ಸಾಲು ಇರುವುದು ಸರಿಯಾಗಿ ಹಳ್ಳಿಗೂ ಕಡಲಿಗೂ ನಡುವೆ. ಪಕ್ಕದಲ್ಲಿ ಆ ಹಳ್ಳಿಯ ಮನೆಗಳ ಉಳಿಕೆಗಳೂ ಬಳಕೆಯ ವಸ್ತುಗಳೂ ಇವೆ. ಕಲ್ಲಿನ ರೂಪ ಏನನ್ನೂ ಹೇಳದಿದ್ದರೂ ಅದರ ನೆರೆಹೊರೆ ಎಲ್ಲವನ್ನೂ ಹೇಳಿತು.

ಯೊನಾಗುನಿಯನ್ನೂ ತೆಲ್ ಹ್ರೈಜನ್ನೂ ಎದುರುಬದುರು ಇಟ್ಟು ನೋಡಿದರೆ ಈ ಲೇಖನದ ತಿರುಳು ಕೈಗೆ ಬರುತ್ತದೆ. ಕಟ್ಟಿದಂತೆ ಕಾಣುವುದು ಕಟ್ಟಿದ್ದಲ್ಲದಿರಬಹುದು. ಕಟ್ಟದಂತೆ ಕಾಣುವುದೇ ಕಟ್ಟಿದ್ದಾಗಿರಬಹುದು. ಕಣ್ಣಿನ ತೀರ್ಪು ಎರಡೂ ಕಡೆ ತಪ್ಪುತ್ತದೆ.

ನೆಲದ ಮೇಲೂ ಇಂತಹ ತಿರುವುಮುರುವು ನಡೆದಿದೆ. ಅದೂ ನಮ್ಮ ನಾಡಿನಲ್ಲೇ. ಬಳ್ಳಾರಿ, ರಾಯಚೂರು ಸೀಮೆಯ ಬೂದಿದಿಬ್ಬಗಳ ವಿಷಯ ಹಲವರಿಗೆ ತಿಳಿದಿದೆ. ಹಂಪಿಯ ಬಳಿಯ ನಿಂಬಾಪುರದ ಬೂದಿಯನ್ನು ಜನ ವಾಲಿಯ ಚಿತಾಭಸ್ಮವೆಂದರು. ಇಂತಹ ದಿಬ್ಬಗಳನ್ನು ಅಗ್ನಿಪರ್ವತದ ಕುರುಹೆಂದು ಊಹಿಸಿದವರೂ ಇದ್ದರು. ರಾಬರ್ಟ್ ಬ್ರೂಸ್ ಫೂಟ್ ಇದು ದನದ ಸಗಣಿ ಸುಟ್ಟ ಬೂದಿಯೆಂದು ಊಹಿಸಿದರು. 1957ರಲ್ಲಿ ರೇಮಂಡ್ ಆಲ್ಚಿನ್ ಇಂದಿನ ತೆಲಂಗಾಣದ ಉಟ್ನೂರಿನಲ್ಲಿ ಅಗೆದಾಗ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳು ದೊರೆತವು. ಮುಂದೆ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಬೂದಿಹಾಳದಲ್ಲಿ ನಡೆಸಿದ ಉತ್ಖನನ ಅಲ್ಲಿನ ಪಶುಪಾಲಕರ ಬದುಕನ್ನೇ ತೆರೆದು ತೋರಿಸಿತು. ದಿಬ್ಬವನ್ನು ಹೊರಗಿನಿಂದ ಎಷ್ಟು ನೋಡಿದ್ದರೂ ತಿಳಿಯದಿದ್ದುದನ್ನು ಒಂದು ಗೊರಸಿನ ಅಚ್ಚು ಹೇಳಿತು.

ಈ ಅಳತೆಗೋಲನ್ನು ಹಿಡಿದು ಭಾರತದ ಕಡಲಿಗೆ ಬರೋಣ. 2001ರ ಮೇ ತಿಂಗಳಿನಲ್ಲಿ, ಚೆನ್ನೈಯ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಸಮೀಕ್ಷೆಯ ಆಧಾರದ ಮೇಲೆ, ಖಂಭಾತ್ ಕೊಲ್ಲಿಯಲ್ಲಿ ಮುಳುಗಿದ ನಗರದ ಗುರುತುಗಳು ದೊರೆತಿವೆಯೆಂದು ಅಂದಿನ ಕೇಂದ್ರ ಸಚಿವ ಮುರಳಿ ಮನೋಹರ ಜೋಶಿ ಘೋಷಿಸಿದರು. 30ರಿಂದ 40 ಮೀಟರ್ ಆಳದಲ್ಲಿ, ಹಳೆಯ ನದೀಪಾತ್ರವೊಂದರ ಗುಂಟ, ಚೌಕಾಕಾರದ ರಚನೆಗಳನ್ನು ಸೋನಾರ್ ಚಿತ್ರಗಳು ತೋರಿಸಿದ್ದವು. ಯಂತ್ರದಿಂದ ತಳವನ್ನು ಕೆರೆದು ಮೇಲೆತ್ತಿದ ವಸ್ತುಗಳಲ್ಲಿದ್ದ ಒಂದು ಮರದ ತುಂಡಿಗೆ ಸುಮಾರು 9,500 ವರ್ಷಗಳ ಪ್ರಾಯ ಬಂದಿತು. ಹರಪ್ಪಕ್ಕಿಂತ ಸಾವಿರಾರು ವರ್ಷ ಹಳೆಯ ನಗರವೆಂಬ ಸುದ್ದಿ ದೇಶವಿದೇಶಗಳಲ್ಲಿ ಹರಡಿತು.

ಸಮಾಧಾನದಿಂದ ಯೋಚಿಸಿದರೆ ಇಲ್ಲಿ ಎರಡು ಕೊರತೆಗಳು ಕಾಣುತ್ತವೆ. ಮರದ ತುಂಡಿನ ಪ್ರಾಯ ಆ ಮರ ಸತ್ತ ಕಾಲವನ್ನು ಹೇಳುತ್ತದೆ. ಪಕ್ಕದಲ್ಲಿ ನಗರವಿತ್ತೇ ಎಂಬುದನ್ನು ಹೇಳುವುದಿಲ್ಲ. ಇನ್ನು ಖಂಭಾತ್ ಕೊಲ್ಲಿಯ ಉಬ್ಬರ ಇಳಿತಗಳು ದೇಶದಲ್ಲೇ ಅತ್ಯಂತ ಭೀಕರ. ನರ್ಮದೆ, ತಾಪಿ, ಮಾಹಿ, ಸಾಬರಮತಿಗಳು ತಂದು ಸುರಿಯುವ ಹೂಳು, ಮರ, ಮಡಕೆಚೂರುಗಳೆಲ್ಲ ಅಲ್ಲಿ ಕಲಸಿಹೋಗುತ್ತವೆ. ಅಂತಹ ತಳವನ್ನು ಕೆರೆದು ತಂದ ವಸ್ತು ಎಲ್ಲಿ, ಯಾವ ಪದರದಲ್ಲಿ, ಯಾವುದರ ಜೊತೆಯಲ್ಲಿತ್ತೆಂಬುದು ಮೇಲೆತ್ತಿದ ಕ್ಷಣದಲ್ಲೇ ಅಳಿಸಿಹೋಗುತ್ತದೆ. ಅನೇಕ ಪುರಾತತ್ತ್ವಜ್ಞರು ಆಕ್ಷೇಪ ಎತ್ತಿದ್ದು ಇಲ್ಲಿಯೇ. ಉಪಗ್ರಹ ಚಿತ್ರಗಳ ವಿಷಯದಲ್ಲೂ ಇದೇ ಎಚ್ಚರ ಬೇಕು. ರಾಮಸೇತುವಿನ ಚಿತ್ರಗಳು ಪ್ರಚಾರಕ್ಕೆ ಬಂದಾಗ, ಆಕಾಶದಿಂದ ತೆಗೆದ ಚಿತ್ರ ಆ ಸಾಲಿನ ಮೂಲವನ್ನಾಗಲಿ ಪ್ರಾಯವನ್ನಾಗಲಿ ನೇರವಾಗಿ ತಿಳಿಸಲಾರದೆಂದು ಅಮೆರಿಕದ ನಾಸಾ ಸಂಸ್ಥೆಯೇ ಸ್ಪಷ್ಟಪಡಿಸಿತ್ತು. ಶ್ರದ್ಧೆಯ ಪ್ರಶ್ನೆ ಬೇರೆ. ಚಿತ್ರವೊಂದರಿಂದ ಏನನ್ನು ಸಾಧಿಸಬಹುದೆಂಬ ಪ್ರಶ್ನೆ ಬೇರೆ.

ಭಾರತದಲ್ಲಿ ಕಡಲಡಿಯ ಪುರಾತತ್ತ್ವಕ್ಕೆ ಅಡಿಪಾಯ ಹಾಕಿದವರು ಒಬ್ಬ ಕನ್ನಡಿಗರೆಂಬುದನ್ನು ಹೊರನಾಡಿನಲ್ಲಿರುವ ನಾವು ಮರೆಯಬಾರದು. ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿದ ಶಿಕಾರಿಪುರ ರಂಗನಾಥ ರಾವ್ (1922-2013), ಅಂದರೆ ಎಸ್. ಆರ್. ರಾವ್, ಲೋಥಲ್ ಬಂದರನ್ನು ಅಗೆದು ತೋರಿಸಿದವರು. ಗೋವೆಯ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯಲ್ಲಿ ಕಡಲ ಪುರಾತತ್ತ್ವ ವಿಭಾಗವನ್ನು ಕಟ್ಟಿದವರು. 1980ರ ದಶಕದಲ್ಲಿ ಅವರ ತಂಡ ದ್ವಾರಕೆಯ ತೀರದಲ್ಲಿ ನೀರಿಗಿಳಿದು ಕಡೆದ ಕಲ್ಲುಗಳನ್ನೂ ತೂತುಗಳುಳ್ಳ ಕಲ್ಲಿನ ಲಂಗರುಗಳನ್ನೂ ದಾಖಲಿಸಿತು. ಹತ್ತಿರದ ಬೇಟ್ ದ್ವಾರಕೆಯಲ್ಲಿ ಮಡಕೆಗಳೂ ಮೂರು ತಲೆಗಳ ಪ್ರಾಣಿಯ ಮುದ್ರೆಯೂ ದೊರೆತವು. ಇದು ಪುರಾಣಪ್ರಸಿದ್ಧ ದ್ವಾರಕೆಯೇ ಎಂದು ರಾವ್ ನಂಬಿದರು. ಅದೇ ಸಂಸ್ಥೆಯಲ್ಲಿ ಅವರ ನಂತರ ದುಡಿದವರು ಆ ನಿರ್ಣಯವನ್ನು ಮತ್ತೆ ತೂಗಿ ನೋಡಿದರು. ಕಲ್ಲಿನ ಲಂಗರಿನ ಆಕಾರ ಶತಮಾನಗಟ್ಟಲೆ ಬದಲಾಗದೆ ಬಳಕೆಯಲ್ಲಿತ್ತು. ಆದ್ದರಿಂದ ಲಂಗರು ಮಾತ್ರದಿಂದ ಕಾಲ ಹೇಳಲಾಗದು. ನೀರಿನಲ್ಲಿರುವ ಹಲವು ರಚನೆಗಳು ಐತಿಹಾಸಿಕ ಕಾಲದ ಬಂದರಿನವಿರಬಹುದು ಎಂಬುದು ಅವರ ನಿಲುವು. ಆದರೂ ಯೊನಾಗುನಿಗೂ ದ್ವಾರಕೆಗೂ ದೊಡ್ಡ ಅಂತರವಿದೆ. ದ್ವಾರಕೆಯಲ್ಲಿ ಲಂಗರು ಇಳಿಸಿದ ಮನುಷ್ಯರಿದ್ದರೆಂಬುದರಲ್ಲಿ ಸಂದೇಹವಿಲ್ಲ. ಚರ್ಚೆ ಇರುವುದು ಕಾಲದ ಬಗ್ಗೆ. ರಾವ್ ಅವರ ನಿರ್ಣಯವನ್ನು ಒಪ್ಪದವರೂ ನಿಂತಿರುವುದು ಅವರು ತೆರೆದ ದಾರಿಯಲ್ಲಿಯೇ.

ಮಹಾಬಲಿಪುರದ ಕತೆಯೂ ಹೀಗೆಯೇ ಕಲಿಸುತ್ತದೆ. ಏಳು ಗೋಪುರಗಳಲ್ಲಿ ಆರು ಮುಳುಗಿದವೆಂಬ ನಾವಿಕರ ಐತಿಹ್ಯ ಹಳೆಯದು. 2002ರಲ್ಲಿ ಮುಳುಗುಗಾರರು ಅಲ್ಲಿ 5ರಿಂದ 8 ಮೀಟರ್ ಆಳದಲ್ಲಿ ಗೋಡೆಗಳ ಉಳಿಕೆಗಳನ್ನೂ ಚದುರಿದ ಕಡೆದ ಕಲ್ಲುಗಳನ್ನೂ ಕಂಡರು. 2004ರ ಸುನಾಮಿಯ ಹೊಡೆತಕ್ಕೆ ಸಾಳುವನ್‌ಕುಪ್ಪಂ ಎಂಬಲ್ಲಿ ಮರಳಿನಿಂದ ಬಂಡೆಯೊಂದರ ಶಾಸನ ಹೊರಬಿತ್ತು. ಅದರ ಜಾಡು ಹಿಡಿದು ಭಾರತೀಯ ಪುರಾತತ್ತ್ವ ಸರ್ವೇಕ್ಷಣೆ ದಡದಲ್ಲೇ ಅಗೆದಾಗ ಇಟ್ಟಿಗೆಯ ಸುಬ್ರಹ್ಮಣ್ಯ ದೇಗುಲವೊಂದು ದೊರೆಯಿತು. ಅಕ್ಷರ, ಇಟ್ಟಿಗೆ, ನೆಲೆ ಮೂರೂ ಕೂಡಿಬಂದಲ್ಲಿ ವಾದಕ್ಕೆ ಎಡೆಯೇ ಉಳಿಯಲಿಲ್ಲ.

ಇಷ್ಟೆಲ್ಲ ಎಚ್ಚರ ಏಕೆ ಬೇಕು? ಒಂದು ಬಂಡೆಯನ್ನು ಪ್ರಾಚೀನರ ಕೋಟೆಯೆಂದು ನಂಬಿದರೆ ಯಾರಿಗೇನು ನಷ್ಟವೆಂದು ಕೇಳಬಹುದು. ನಷ್ಟವಿದೆ. ಅದನ್ನು ತಿಳಿಯಲು ಕಾರ್ಮೆಲ್ ತೀರದ ಇನ್ನೊಂದು ಹಳ್ಳಿಗೆ, ಅತ್ಲೀತ್ ಯಾಮಿಗೆ, ಹೋಗಬೇಕು. 1984ರಲ್ಲಿ ಗಲೀಲಿಯವರು ಗುರುತಿಸಿದ ಈ ಹಳ್ಳಿ 8ರಿಂದ 12 ಮೀಟರ್ ಆಳದಲ್ಲಿದೆ. ಸುಮಾರು 9,000 ವರ್ಷ ಹಳೆಯದು. ಅಲ್ಲಿ ಮೆಟ್ಟಿಲುಗಳ ಮಹಾಸೌಧವಿಲ್ಲ. ಕಲ್ಲಿನ ಬುನಾದಿಯ ಮನೆಗಳಿವೆ, ಕಾಳು ಇದೆ, ಮೀನಿನ ಮೂಳೆಗಳಿವೆ, ಮನೆಗಳ ಒಳಗೂ ಬಳಿಯಲ್ಲೂ ಹೂತ ಸತ್ತವರಿದ್ದಾರೆ. ಅವರಲ್ಲೊಬ್ಬ ತಾಯಿ, ಜೊತೆಗೊಂದು ಕೂಸು. ಇಬ್ಬರ ಮೂಳೆಗಳಲ್ಲೂ ಕ್ಷಯರೋಗದ ಗುರುತನ್ನು ವಿಜ್ಞಾನಿಗಳು ಪತ್ತೆಹಚ್ಚಿದ್ದಾರೆ. ಒಂದು ಬಾವಿಯೂ ಇದೆ, ಐದೂವರೆ ಮೀಟರಿನಷ್ಟು ಆಳ, ಕಲ್ಲು ಕಟ್ಟಿದ್ದು. ಅದರ ಮೇಲಿನ ಪದರಗಳಲ್ಲಿ ಪ್ರಾಣಿಗಳ ಮೂಳೆಯೂ ಕಸವೂ ತುಂಬಿವೆ. ಕಡಲು ಹತ್ತಿರವಾದಂತೆ ಬಾವಿಯ ನೀರು ಉಪ್ಪಾಯಿತು, ಕುಡಿಯಲು ಬಾರದಾಯಿತು, ಕೊನೆಗೆ ಅದನ್ನು ಕಸದ ಗುಂಡಿಯಾಗಿ ಬಳಸಿದರು ಎಂಬುದು ಸಂಶೋಧಕರ ವಿವರಣೆ.

ಕಡಲೇರಿದ ಕಾಲದಲ್ಲಿ ಬದುಕಿದವರ ನಿಜವಾದ ಕತೆ ಇದು. ಒಂದೆಡೆ ಕಲ್ಲು ಹೊತ್ತು ತಂದು ಒಡ್ಡು ಕಟ್ಟಿದರು. ಇನ್ನೊಂದೆಡೆ ಕೆಟ್ಟ ಬಾವಿಗೆ ಕಸ ಸುರಿದರು. ಕೊನೆಗೆ ಊರು ಬಿಟ್ಟು ಹೋದರು. ಅವರನ್ನು ಕಾಣಲು ಕೆಸರನ್ನು ಚಮಚದಷ್ಟು ಚಮಚದಷ್ಟೇ ತೆಗೆಯುವ ತಾಳ್ಮೆ ಬೇಕು, ಹಣ ಬೇಕು, ಕಲಿತ ಮುಳುಗುಗಾರರು ಬೇಕು. ನಮ್ಮ ಬೆರಗೆಲ್ಲ ಯೊನಾಗುನಿಯಂತಹ ಬಂಡೆಗಳಿಗೇ ಮೀಸಲಾದರೆ ಈ ಬಾವಿಯ ಕಡೆಗೆ ನೋಡುವವರು ಯಾರು? ಪ್ರಕೃತಿ ಕಡೆದ ಬಂಡೆಗೆ ಇಲ್ಲದ ರಾಜರನ್ನು ಹುಟ್ಟಿಸುವಾಗ, ಇದ್ದ ಮನುಷ್ಯರನ್ನು ನಾವು ಎರಡನೆಯ ಸಲ ಮುಳುಗಿಸುತ್ತೇವೆ. ಬಂಡೆಗೂ ಅನ್ಯಾಯವಾಗುತ್ತದೆ. 2 ಕೋಟಿ ವರ್ಷಗಳ ಅದರ ಸ್ವಂತ ಚರಿತ್ರೆಗಿಂತ ಹತ್ತು ಸಾವಿರ ವರ್ಷಗಳ ಕಟ್ಟುಕತೆ ದೊಡ್ಡದೆಂದು ನಾವು ಎಣಿಸಿದಂತಾಗುತ್ತದೆ.

ಊರಿನಿಂದ ದೂರವಿರುವವರಿಗೆ ಹಳಮೆಯ ಹೆಮ್ಮೆ ಒಂದಿಷ್ಟು ಹೆಚ್ಚೇ ಬೇಕಾಗುತ್ತದೆ. ಅದನ್ನು ನಾವು ಬಲ್ಲೆವು. ಆದ್ದರಿಂದಲೇ ಕಡಲಡಿಯ ನಗರದ ಸುದ್ದಿ ಮುಂದಿನ ಸಲ ಕೈಗೆ ಬಂದಾಗ ನಾಲ್ಕು ಪ್ರಶ್ನೆಗಳನ್ನು ಕೇಳುವುದು ಲೇಸು. ಆ ಕಲ್ಲು ಅಲ್ಲಿನದೋ, ಬೇರೆಡೆಯಿಂದ ತಂದದ್ದೋ? ಅದರ ಒಳಪದರಗಳು ಪಕ್ಕದ ಕಲ್ಲಿನಲ್ಲಿ ಮುಂದುವರಿದಿವೆಯೋ, ಕಡಿದುಹೋಗಿವೆಯೋ? ಸುತ್ತಲಿನ ದಡದ ಬಂಡೆ ತಾನಾಗಿ ಇದೇ ರೀತಿ ಒಡೆಯುತ್ತದೆಯೋ? ಅದರ ನೆರೆಯಲ್ಲಿ ಉಂಡವರ, ಉರಿ ಹಚ್ಚಿದವರ, ಸತ್ತವರ ಗುರುತಿದೆಯೋ? ನಾಲ್ಕಕ್ಕೂ ತೃಪ್ತಿಕರವಾದ ಉತ್ತರ ಬಂದರೆ ಸಂತೋಷದಿಂದ ನಂಬೋಣ. ಬಾರದಿದ್ದರೆ ಸನ್ನಿನುದೈಯ ದಡದಲ್ಲಿ, ಮಲ್ಪೆಯ ದ್ವೀಪದಲ್ಲಿ, ಅಂಧೇರಿಯ ಗುಡ್ಡದಲ್ಲಿ ಕಾಣುವ ಪ್ರಕೃತಿಯ ಕುಶಲತೆಗೆ ತಲೆಬಾಗೋಣ. ಆ ಬೆರಗೂ ಚಿಕ್ಕದಲ್ಲ.